ಎಳ್ಳಮಾಸಿ ರಾತ್ರಿ, ಮಾಳಿಗಿ ಮೇಲೆ ಚುಕ್ಕಿಗಳ ಬಾಳು

ರೋಹಿಣಿ, ಮಿರಗ, ಆರಿದ್ರಾ. ಮುಂಗಾರಿನ ಮಾತು ಬಂದರೆ ಸುರಪುರ ಸೀಮೆಯ ರೈತರ ಬಾಯಲ್ಲಿ ಬರುವುದು ತಿಂಗಳ ಹೆಸರಲ್ಲ, ಚುಕ್ಕಿಗಳ ಹೆಸರು. ಆದರೆ ಆ ಚುಕ್ಕಿ ಯಾವುದೆಂದು ಬೆರಳು ಮಾಡಿ ತೋರಿಸಿ ಎಂದರೆ ಬಹಳ ಮಂದಿ ತಡವರಿಸುತ್ತಾರೆ. ಅದು ಅವರ ತಪ್ಪಲ್ಲ. ರೋಹಿಣಿ ಮಳೆ ಎಂದರೆ ಸೂರ್ಯ ರೋಹಿಣಿ ನಕ್ಷತ್ರದ ಕಡೆ ಇರುವ ಹದಿಮೂರು, ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ರೋಹಿಣಿ ಕೂಡುತ್ತದೆ, ಜೂನ್ 8ರ ಸುಮಾರಿಗೆ ಮಿರಗ, 22ರ ಸುಮಾರಿಗೆ ಆರಿದ್ರಾ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ಚುಕ್ಕಿ ಕಣ್ಣಿಗೆ ಬೀಳುವುದಾದರೂ ಹೇಗೆ? ಅವುಗಳ ಮಳೆ ಬೀಳುವಾಗ ಅವು ಕಾಣುವುದೇ ಇಲ್ಲ.

ಆರು ತಿಂಗಳು ಕಳೆದು ಸೂರ್ಯ ಆಕಾಶದ ಎದುರು ಬದಿಗೆ ಹೋದಾಗ ಇವೇ ಚುಕ್ಕಿಗಳು ಸಂಜೆಗೇ ಮೂಡಣದಲ್ಲಿ ಏಳುತ್ತವೆ. ಸರಿಯಾಗಿ ಆ ಹೊತ್ತಿಗೆ ಬರುತ್ತದೆ ಎಳ್ಳ ಅಮಾವಾಸ್ಯೆ. ಹಗಲು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬಂದ ದಿನವೇ ರಾತ್ರಿ ಒಂದೆರಡು ತಾಸು ಎಚ್ಚರವಿದ್ದರೆ, ನಕ್ಷತ್ರ ಹುಟ್ಟುವುದರಿಂದ ಸಾಯುವವರೆಗಿನ ಕಥೆಯನ್ನು ಸುರಪುರದ ರಂಗಂಪೇಟೆಯ ಮನೆ ಮಾಳಿಗೆಯಿಂದಲೇ ಓದಬಹುದು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಒಂದು ನಕ್ಷತ್ರದ ಬಾಳು ಕೋಟಿಗಟ್ಟಲೆ ವರ್ಷದ್ದು. ಅದನ್ನು ಕೂತು ನೋಡಿದವರು ಯಾರೂ ಇಲ್ಲ. ಹಾಗಿದ್ದರೆ ಅದು ಹುಟ್ಟುತ್ತದೆ, ಮುಪ್ಪಾಗುತ್ತದೆ ಎಂದು ಗೊತ್ತಾದದ್ದು ಹೇಗೆ? ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಗೆ ಬೇರೆ ಲೋಕದವನೊಬ್ಬ ಒಂದೇ ದಿನದ ಮಟ್ಟಿಗೆ ಬಂದನೆಂದುಕೊಳ್ಳಿ. ಒಬ್ಬ ಮನುಷ್ಯ ಬೆಳೆಯುವುದನ್ನು ಅವನು ಕಾಣಲಾರ. ಆದರೆ ಬಗಲಲ್ಲಿರುವ ಕೂಸು, ಓಡಾಡುವ ಹುಡುಗರು, ಕೋಲೂರಿದ ಮುತ್ಯಾ ಎಲ್ಲರನ್ನೂ ಒಟ್ಟಿಗೆ ಕಂಡು ಮನುಷ್ಯನ ಬಾಳು ಹೀಗೆಂದು ಹೊಂದಿಸಿಕೊಳ್ಳಬಲ್ಲ. ಖಗೋಳ ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಎಳ್ಳಮಾಸಿ ಆಕಾಶದಲ್ಲಿ ಎಲ್ಲ ವಯಸ್ಸಿನವರೂ ಒಂದೇ ಮೂಲೆಯಲ್ಲಿ ಸೇರಿರುತ್ತಾರೆ.

ತಯಾರಿ

ಅಮಾವಾಸ್ಯೆ ತಪ್ಪಿದರೆ ಚಿಂತೆ ಬೇಡ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಚಂದ್ರ ಇಲ್ಲದ ಯಾವ ರಾತ್ರಿಯಾದರೂ ಆದೀತು. ಜನವರಿ ಮೊದಲ ವಾರದಲ್ಲಿ ರಾತ್ರಿ 9.30 ಒಳ್ಳೆಯ ಹೊತ್ತು. ಚುಕ್ಕಿಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಹುಟ್ಟುವುದರಿಂದ ತಿಂಗಳಿಗೆ ಎರಡು ತಾಸು ಮುಂದಾಗುತ್ತದೆ. ಫೆಬ್ರುವರಿ ಮೊದಲ ವಾರದಲ್ಲಿ ಇದೇ ನೋಟ 7.30ಕ್ಕೇ ಸಿಗುತ್ತದೆ.

ಬೀದಿದೀಪ ನೇರವಾಗಿ ಕಣ್ಣಿಗೆ ಹೊಡೆಯದ ಮಾಳಿಗೆ ಹುಡುಕಿ. ಪ್ಯಾರಾಪೆಟ್ಟಿನ ಗೋಡೆಗೆ ಒರಗಿ ಕೂತರೆ ಅರ್ಧ ಬೆಳಕು ಮರೆಯಾಗುತ್ತದೆ. ಊರ ಹೊರಗಿನ ಹೊಲ ಇನ್ನೂ ಚಲೋ, ಆದರೆ ಬೂಟು ಹಾಕಿಕೊಂಡು, ಜೊತೆಗೆ ಇಬ್ಬರನ್ನು ಕರೆದುಕೊಂಡೇ ಹೋಗಿ. ತೊಗರಿ ಹೊಲದಲ್ಲಿ ಹುಳಹುಪ್ಪಡಿ ಇರುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳ ಹತ್ತಿರ ಬೇಡ. ಅಲ್ಲಿ ಸೊಳ್ಳೆ ಕಾಟ, ಮೇಲೆ ಮಂಜಿನ ಪರದೆ.

ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು. ಈ ನಡುವೆ ಒಂದು ಸಲ ಮೊಬೈಲ್ ನೋಡಿದರೂ ಮೊದಲಿನಿಂದ ಶುರು. ಬೆಳಕು ಬೇಕೇಬೇಕಾದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಳ್ಳಿ. ಸ್ಟೆಲ್ಲೇರಿಯಂ ಎಂಬ ಆ್ಯಪ್ ಮೊಬೈಲಿನಲ್ಲಿದ್ದರೆ ಅದನ್ನು ಮಧ್ಯಾಹ್ನವೇ ತೆರೆದು, ಊರು ಸುರಪುರ ಎಂದು ಹಾಕಿ, ರಾತ್ರಿಯ ನಕ್ಷೆ ನೋಡಿಟ್ಟುಕೊಳ್ಳಿ. ರಾತ್ರಿ ಆಕಾಶ ಬಿಟ್ಟು ಪರದೆ ನೋಡುತ್ತ ಕೂರುವವರನ್ನು ಮಾಳಿಗೆಯಿಂದ ಕೆಳಗೆ ಕಳಿಸುವುದೇ ಸರಿ.

ದಿಕ್ಕು

ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ರಂಗಂಪೇಟೆ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರ ಉತ್ತರದ ಅಂಚಿನಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಊರಿನ ಅಕ್ಷಾಂಶ. ಹಾಗಾಗಿ ನಮಗೆ ಅದು ಒಂದೂವರೆ ಮುಷ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಅದು ಬಹಳ ಹೊಳೆಯುವ ಚುಕ್ಕಿಯೂ ಅಲ್ಲ. ಸಪ್ತರ್ಷಿಗಳಿಂದ ಅದನ್ನು ಗುರುತಿಸಬೇಕೆಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಎಳ್ಳಮಾಸಿಯ ಆ ಹೊತ್ತಿನಲ್ಲಿ ಸಪ್ತರ್ಷಿಗಳು ಆಗಷ್ಟೇ ಏಳುತ್ತಿರುತ್ತಾರೆ. ವಾಯವ್ಯದಲ್ಲಿ ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುವ ಐದು ಚುಕ್ಕಿಗಳ ಕ್ಯಾಸಿಯೋಪಿಯ ಆಗ ಎತ್ತರದಲ್ಲಿರುತ್ತದೆ. ಅದರ ಬಲಕ್ಕೆ, ಕೆಳಗೆ ಒಂಟಿಯಾಗಿ ಕಾಣುವುದೇ ಧ್ರುವ.

ಈಗ ಧ್ರುವಕ್ಕೆ ಬೆನ್ನು ಮಾಡಿ ಎಡಕ್ಕೆ, ಅಂದರೆ ಆಗ್ನೇಯದ ಕಡೆ ತಲೆಯೆತ್ತಿ. ಒಂದೇ ಗೆರೆಯಲ್ಲಿ, ಸಮ ದೂರದಲ್ಲಿ ಮೂರು ಚುಕ್ಕಿ ಕಾಣುತ್ತವೆ. ಅದು ಮಹಾವ್ಯಾಧನ, ಅಂದರೆ ಒರಾಯನ್‌ನ ನಡುಪಟ್ಟಿ. ಅದರ ಸುತ್ತ ನಾಲ್ಕು ಹೊಳೆಯುವ ಚುಕ್ಕಿಗಳ ಚೌಕ. ನಡುಪಟ್ಟಿಯ ಗೆರೆಯನ್ನು ಮೇಲಕ್ಕೆ ಎಳೆದರೆ ಕೆಂಪು ರೋಹಿಣಿ, ಇನ್ನೂ ಮುಂದೆ ಹೋದರೆ ನೆತ್ತಿಯ ಹತ್ತಿರ ಕೃತ್ತಿಕೆ. ಅದೇ ಗೆರೆಯನ್ನು ಕೆಳಕ್ಕೆ ಎಳೆದರೆ ಇಡೀ ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರ ಲುಬ್ಧಕ. ಇದೊಂದು ಗೆರೆ ಗಟ್ಟಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಇವುಗಳ ನಡುವೆ ಮಿನುಗದೆ ಸ್ಥಿರವಾಗಿ ಬೆಳಗುವುದೇನಾದರೂ ಕಂಡರೆ ಅದು ಗ್ರಹ, ಇವತ್ತಿನ ಮಟ್ಟಿಗೆ ಬಿಟ್ಟುಬಿಡಿ.

ಹುಟ್ಟು

ನಡುಪಟ್ಟಿಯಿಂದ ಇಳಿಬಿದ್ದಂತೆ ಮಂಕಾದ ಇನ್ನೊಂದು ಸಣ್ಣ ಸಾಲಿದೆ, ವ್ಯಾಧನ ಕತ್ತಿ. ಅದರ ನಡುವಿನ ಚುಕ್ಕಿಯನ್ನು ದಿಟ್ಟಿಸಿ. ಮೊನಚಾಗಿರದೆ ಮಬ್ಬಾಗಿ ಹರಡಿದಂತಿದೆ. ನೇರವಾಗಿ ನೋಡುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟರೆ ಹೆಚ್ಚು ಕಾಣುತ್ತದೆ. ಇದು ಒರಾಯನ್ ನೀಹಾರಿಕೆ, ಅನಿಲ ಮತ್ತು ದೂಳಿನ ಮೋಡ. ದೂರ ಸುಮಾರು 1,300 ಜ್ಯೋತಿರ್ವರ್ಷ, ಅಂದರೆ ಬೆಳಕಿಗೇ ಅಷ್ಟು ವರ್ಷದ ಹಾದಿ. ನಿಮ್ಮ ಕಣ್ಣಿಗೆ ಬೀಳುತ್ತಿರುವ ಬೆಳಕು ಅಲ್ಲಿಂದ ಹೊರಟಾಗ ಈ ನೆಲವನ್ನು ಬಾದಾಮಿ ಚಾಲುಕ್ಯರು ಆಳುತ್ತಿದ್ದರು.

ಮೋಡದ ಒಂದು ತುಣುಕು ತನ್ನದೇ ಗುರುತ್ವದಿಂದ ಕುಗ್ಗುತ್ತ ಹೋದಂತೆ ನಡುವೆ ಬಿಸಿಯೇರುತ್ತದೆ. ಬಿಸಿ ಒಂದು ಕೋಟಿ ಡಿಗ್ರಿಯ ಆಸುಪಾಸು ತಲುಪಿದಾಗ ಹೈಡ್ರೋಜನ್ ಪರಮಾಣುಗಳ ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ನಕ್ಷತ್ರ ಹುಟ್ಟುವುದು ಆ ಗಳಿಗೆಯಲ್ಲಿ. ಒಳಗೆ ಎಳೆಯುವ ಗುರುತ್ವ, ಹೊರಗೆ ತಳ್ಳುವ ಬಿಸಿ, ಇವೆರಡರ ಜಗ್ಗಾಟ ಸಮವಾಗಿರುವಷ್ಟು ಕಾಲ ಅದು ಬದುಕಿರುತ್ತದೆ. ಕತ್ತಿಯ ಮೋಡದೊಳಗೆ ಇಂಥ ಎಳೆಯ ನಕ್ಷತ್ರಗಳು ನೂರಾರಿವೆ, ಬಹಳಷ್ಟರ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷ ದಾಟಿಲ್ಲ.

ಹರೆಯ

ಕೃತ್ತಿಕೆಗೆ ಬನ್ನಿ. ಎಷ್ಟು ಎಣಿಸಿದಿರಿ? ಆರು ಕಂಡರೆ ಕಣ್ಣು ಸರಿಯಾಗಿದೆ, ಏಳೆಂಟು ಕಂಡರೆ ನಿಮ್ಮ ಮಾಳಿಗೆಯ ಕತ್ತಲು ಪಸಂದಾಗಿದೆ. ಮನೆಯವರೆಲ್ಲ ಬೇರೆ ಬೇರೆ ಎಣಿಸಿ ಆಮೇಲೆ ಹೇಳಲಿ, ಜಗಳ ಚೆನ್ನಾಗಿರುತ್ತದೆ. ದುರ್ಬೀನಿನಲ್ಲಿ ಹತ್ತಾರು ಕಾಣುತ್ತವೆ. ಎಲ್ಲ ಒಂದೇ ಮೋಡದಿಂದ ಸುಮಾರು 10 ಕೋಟಿ ವರ್ಷದ ಹಿಂದೆ ಹುಟ್ಟಿದ ಒಡಹುಟ್ಟಿದವು. ಭೂಮಿಯ ಮೇಲೆ ಆಗ ಡೈನೋಸಾರುಗಳಿದ್ದವು. ದೂರ ಸುಮಾರು 440 ಜ್ಯೋತಿರ್ವರ್ಷ. ಅಂದರೆ 1565ರ ತಾಳಿಕೋಟೆ ಯುದ್ಧ ಮುಗಿದು ಕೆಲವು ವರ್ಷಗಳಿಗೆ ಹೊರಟ ಬೆಳಕು.

ಇವುಗಳ ಬಣ್ಣ ನೀಲಿಬಿಳುಪು. ಹೆಚ್ಚು ಬಿಸಿಯಾದ ನಕ್ಷತ್ರ ನೀಲಿ, ಕಡಿಮೆ ಬಿಸಿಯದು ಕೆಂಪು. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ ಎಂದು ನಲ್ಲಿಯ ಮೇಲಿರುವ ಗುರುತಿಗೆ ಪೂರಾ ಉಲ್ಟಾ. ಈ ಒಂದು ಸಂಗತಿ ಮಕ್ಕಳಿಗೆ ತಿಳಿಸಿ, ಉಳಿದದ್ದನ್ನು ಅವರೇ ಆಕಾಶದಲ್ಲಿ ಹುಡುಕುತ್ತಾರೆ.

ಮುಪ್ಪು

ರೋಹಿಣಿ ನೋಡಿ. ಸುತ್ತಲೂ ಇಂಗ್ಲಿಷಿನ ವಿ ಅಕ್ಷರದಂತೆ ಮಂದ ಚುಕ್ಕಿಗಳ ಗುಂಪಿದೆ. ರೋಹಿಣಿ ಆ ಗುಂಪಿನದು ಎನಿಸುತ್ತದೆ, ಆದರೆ ಗುಂಪು ಸುಮಾರು 150 ಜ್ಯೋತಿರ್ವರ್ಷ ದೂರ, ರೋಹಿಣಿ ಬರೀ 65. ನಡುವೆ ಬಂದು ನಿಂತ ಬೇರೆ ಮನೆತನದ ಮುದುಕಿ ಅದು. ಅದರ ಒಡಲ ನಡುವಿನ ಹೈಡ್ರೋಜನ್ ಮುಗಿದಿದೆ. ಹಾಗಾದಾಗ ನಡುಭಾಗ ಕುಗ್ಗುತ್ತದೆ, ಹೊರಮೈ ಉಬ್ಬಿ ತಣ್ಣಗಾಗಿ ಕೆಂಪಾಗುತ್ತದೆ. ಈಗ ಅದರ ಅಗಲ ಸೂರ್ಯನ 40 ಪಟ್ಟಿಗಿಂತ ಹೆಚ್ಚು. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆಯುತ್ತಿದ್ದರೂ ಇನ್ನೂ 500 ಕೋಟಿ ವರ್ಷಕ್ಕೆ ಸಾಕಾಗುವಷ್ಟು ದಾಸ್ತಾನಿದೆ. ಆಮೇಲೆ ಅದರ ಪಾಡೂ ರೋಹಿಣಿಯದೇ.

ಈಗ ಆರಿದ್ರಾ. ವ್ಯಾಧನ ಚೌಕದಲ್ಲಿ ಎಡಗಡೆ ಕೆಂಪಗೆ ಕಾಣುವುದು. ಅದರ ಎದುರು ಮೂಲೆಯ ರೈಗೆಲ್ ನೀಲಿ. ಎರಡನ್ನೂ ಒಂದರ ನಂತರ ಒಂದು ನೋಡಿದರೆ ನಕ್ಷತ್ರಗಳಿಗೆ ಬಣ್ಣವಿದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆರಿದ್ರಾ ಎಷ್ಟು ದೊಡ್ಡದೆಂದರೆ, ಸೂರ್ಯನ ಜಾಗದಲ್ಲಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ. ಇಷ್ಟು ದೊಡ್ಡದಾದರೂ ವಯಸ್ಸು ಒಂದು ಕೋಟಿ ವರ್ಷದ ಸುಮಾರು, ಅಷ್ಟಕ್ಕೇ ಮುಪ್ಪು. ನಕ್ಷತ್ರದ ಹಣೆಬರಹ ನಿರ್ಧಾರವಾಗುವುದು ಹುಟ್ಟುವಾಗ ಅದಕ್ಕೆ ಸಿಕ್ಕ ತೂಕದಿಂದ. ಭಾರಿ ನಕ್ಷತ್ರದಲ್ಲಿ ಒತ್ತಡ ಹೆಚ್ಚು, ಬಿಸಿ ಹೆಚ್ಚು, ಇಂಧನ ಸುಡುವ ವೇಗ ಅದಕ್ಕಿಂತ ಹೆಚ್ಚು. ಸೂರ್ಯ 1,000 ಕೋಟಿ ವರ್ಷ ಬಾಳಿದರೆ ಇಂಥವು ಒಂದೆರಡು ಕೋಟಿಯಲ್ಲಿ ಮುಗಿಯುತ್ತವೆ.

2019ರ ಕೊನೆಗೆ ಆರಿದ್ರಾ ಇದ್ದಕ್ಕಿದ್ದಂತೆ ಮಂಕಾಗತೊಡಗಿತು. 2020ರ ಫೆಬ್ರುವರಿ ಹೊತ್ತಿಗೆ ಬರಿಗಣ್ಣಿಗೇ ತಿಳಿಯುವಷ್ಟು ಕಳೆಗುಂದಿತ್ತು. ಈಗಲೋ ಆಗಲೋ ಸಿಡಿಯುತ್ತದೆ ಎಂದು ಸುದ್ದಿವಾಹಿನಿಗಳು ಕೂಗಿದ್ದು ನೆನಪಿರಬಹುದು. ಅದು ತಾನೇ ಉಗುಳಿದ ಅನಿಲ ತಣಿದು ದೂಳಾಗಿ ಮುಖ ಮರೆ ಮಾಡಿತ್ತು, ಅಷ್ಟೇ. ಆಮೇಲೆ ಮೊದಲಿನಂತಾಯಿತು. ಒಂದು ದಿನ ಸಿಡಿಯುವುದಂತೂ ಖರೆ. ಆದರೆ ಆ ದಿನಕ್ಕೆ ಇನ್ನೂ ಲಕ್ಷದಷ್ಟು ವರ್ಷ ಇರಬಹುದೆಂಬುದು ವಿಜ್ಞಾನಿಗಳ ಲೆಕ್ಕ.

ಸಾವು, ಎರಡು ಬಗೆ

ಸಿಡಿದದ್ದು ಹೇಗಿರುತ್ತದೆ? ರೋಹಿಣಿಯ ವಿ ಗುಂಪಿನ ಎರಡು ತೋಳುಗಳನ್ನು ಮುಂದೆ ಚಾಚಿದರೆ ವೃಷಭನ ಎರಡು ಕೊಂಬಿನ ತುದಿ ಸಿಗುತ್ತವೆ. ವ್ಯಾಧನ ಕಡೆಯ ಕೊಂಬಿನ ತುದಿಯ ಹತ್ತಿರ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆದರೆ 1054ರ ಜುಲೈಯಲ್ಲಿ ಅಲ್ಲಿ ಹೊಸ ನಕ್ಷತ್ರವೊಂದು ಹೊತ್ತಿಕೊಂಡು, 23 ದಿನ ಹಗಲಿನಲ್ಲೇ ಕಂಡಿತೆಂದು ಚೀನಾದ ದಾಖಲೆಗಳಿವೆ. ಕಲ್ಯಾಣದಿಂದ ಒಂದನೇ ಸೋಮೇಶ್ವರ ಆಳುತ್ತಿದ್ದ ಕಾಲ. ಹೊತ್ತು ಹುಟ್ಟುವ ಮೊದಲು ಎದ್ದು ಹೊಲಕ್ಕೆ ಹೊರಟವರ ಎದುರಿಗೆ, ಮೂಡಣದಲ್ಲೇ ಅದಿತ್ತು. ಅದು ಸಿಡಿದ ನಕ್ಷತ್ರದ ಬೆಳಕು. ಇಂದು ಆ ಜಾಗದಲ್ಲಿ ಏಡಿ ನೀಹಾರಿಕೆ ಎಂಬ ಹರಡುತ್ತಿರುವ ಅನಿಲದ ಮೋಡ, ಅದರ ನಡುವೆ ಸೆಕೆಂಡಿಗೆ 30 ಸಲ ಗಿರಕಿ ಹೊಡೆಯುವ ನ್ಯೂಟ್ರಾನ್ ನಕ್ಷತ್ರ. ಇನ್ನೂ ಭಾರವಿದ್ದ ನಕ್ಷತ್ರವಾಗಿದ್ದರೆ ಕಪ್ಪುರಂಧ್ರವೇ ಉಳಿಯುತ್ತಿತ್ತೇನೋ.

ಸಣ್ಣವುಗಳ ಸಾವಿನಲ್ಲಿ ಇಷ್ಟು ಗದ್ದಲವಿಲ್ಲ. ಲುಬ್ಧಕ ನೋಡಿ, 8.6 ಜ್ಯೋತಿರ್ವರ್ಷ, ನೆರೆಮನೆ. ಅದರ ಪಕ್ಕದಲ್ಲೇ ಇನ್ನೊಂದು ನಕ್ಷತ್ರವಿದೆ, 1862ರಲ್ಲಿ ಮೊದಲ ಸಲ ದೂರದರ್ಶಕಕ್ಕೆ ಸಿಕ್ಕಿತು. ಗಾತ್ರ ಭೂಮಿಯಷ್ಟು, ತೂಕ ಸೂರ್ಯನಷ್ಟು. ಒಂದು ಕಾಲಕ್ಕೆ ಈ ಜೋಡಿಯಲ್ಲಿ ದೊಡ್ಡದು ಅದೇ. ದೊಡ್ಡದಾದ್ದರಿಂದಲೇ ಮೊದಲು ಮುಪ್ಪಾಗಿ, ಹೊರಮೈ ಕಳಚಿಕೊಂಡು, ಶ್ವೇತಕುಬ್ಜವಾಗಿ ಉಳಿದಿದೆ. ಇಂಥ ಶ್ವೇತಕುಬ್ಜ ಸೂರ್ಯನ 1.4 ಪಟ್ಟಿಗಿಂತ ಹೆಚ್ಚು ತೂಕ ಹೊರಲಾರದು ಎಂಬ ಮಿತಿಯನ್ನು ಹುಡುಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಅದರ ಲೆಕ್ಕ ಹಾಕಿದ್ದರು. ನೊಬೆಲ್ ಬಂದದ್ದು 1983ರಲ್ಲಿ.

ನಿದ್ದೆ ಬಂದಿಲ್ಲದಿದ್ದರೆ 11 ಗಂಟೆಯವರೆಗೆ ಕಾದು ದಕ್ಷಿಣಕ್ಕೆ ತಿರುಗಿ. ಎರಡು ಮುಷ್ಟಿಯಷ್ಟು ಎತ್ತರದಲ್ಲಿ ಅಗಸ್ತ್ಯ ಬೆಳಗುತ್ತಿರುತ್ತದೆ. ದಿಲ್ಲಿಯವರಿಗೆ ಅದು ನೆಲಕ್ಕೆ ಅಂಟಿಕೊಂಡಂತೆ ಕಾಣುವ ಚುಕ್ಕಿ. ನಮಗೆ ಸಲೀಸು.

ಇನ್ನೊಂದು ಬೆಳಗ್ಗೆ ವಿಭೂತಿಹಳ್ಳಿ

ಈ ಸೀಮೆಯಲ್ಲಿ ಆಕಾಶ ನೋಡಿದವರಲ್ಲಿ ನಾವೇ ಮೊದಲಿಗರಲ್ಲದಿರಬಹುದು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಗುಂಡುಗಲ್ಲುಗಳನ್ನು ಚೌಕಚೌಕವಾಗಿ, ಸಾಲುಸಾಲಾಗಿ ಇಟ್ಟಿದ್ದಾರೆ. 1841ರಿಂದ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಸೀಮೆಯ ಇಂಥ ಶಿಲಾ ಅವಶೇಷಗಳ ಬಗ್ಗೆ ಬರೆದರು. 1956ರಲ್ಲಿ ಪುರಾತತ್ವಜ್ಞ ಆಲ್ಚಿನ್ ಇಲ್ಲಿನ ಕಲ್ಲುಸಾಲುಗಳನ್ನು ಮತ್ತೆ ವಿವರಿಸಿದರು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಸಾಲುಗಳ ದಿಕ್ಕನ್ನು ಸೂರ್ಯ ಹುಟ್ಟುವ, ಮುಳುಗುವ ಜಾಗಗಳ ಜೊತೆ ತಾಳೆ ನೋಡಿ, ಕಾಲ ಎಣಿಸಲು ಇವನ್ನು ಬಳಸಿರಬಹುದು ಎಂದು 1993ರಲ್ಲಿ ಪ್ರಕಟಿಸಿದರು. ಎಲ್ಲ ಪುರಾತತ್ವಜ್ಞರೂ ಇದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ನೀವೇ ಹೋಗಿ ನೋಡಬಹುದಾದ ವಾದ ಇದು.

ಡಿಸೆಂಬರ್ 21ರ ಆಸುಪಾಸು ಬೆಳಗ್ಗೆ 6.30ಕ್ಕೇ ಅಲ್ಲಿರಿ. ಹೊತ್ತು ಹುಟ್ಟುವುದು 6.45ರ ಸುಮಾರಿಗೆ, ನೇರ ಪೂರ್ವದಿಂದ ಎರಡೂವರೆ ಮುಷ್ಟಿ ದಕ್ಷಿಣಕ್ಕೆ. ಮೊಬೈಲಿನ ದಿಕ್ಸೂಚಿಯಲ್ಲಿ ಆ ದಿಕ್ಕನ್ನು ಬರೆದುಕೊಳ್ಳಿ. ಮಾರ್ಚ್ 21ಕ್ಕೆ, ಜೂನ್ 21ಕ್ಕೆ ಅದೇ ಕಲ್ಲಿನ ಪಕ್ಕ ನಿಂತು ಮತ್ತೆ ಬರೆಯಿರಿ. ಜೂನಿನಲ್ಲಿ ಮೋಡ ಅಡ್ಡ ಬರುತ್ತದೆ, ಒಂದು ವಾರ ಹೆಚ್ಚುಕಡಿಮೆ ಆದರೆ ಅಡ್ಡಿಯಿಲ್ಲ. ಪುರಾತತ್ವ ಇಲಾಖೆ ಕಾಯುವ ಜಾಗವದು, ಕಲ್ಲು ಸರಿಸುವುದು, ಸುಣ್ಣ ಬಳಿಯುವುದು ಮಾಡಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ಮಕ್ಕಳು ದೂರದರ್ಶಕ ಕೊಡಿಸೆಂದು ಹಟ ಹಿಡಿಯಬಹುದು. ಆಟಿಕೆ ಅಂಗಡಿಯ ಅಗ್ಗದ್ದು ಖಂಡಿತ ಬೇಡ. ಅದರ ಕಾಲು ನಡುಗಿ ಏನೂ ನಿಲ್ಲುವುದಿಲ್ಲ. 7x50 ಅಥವಾ 10x50 ದುರ್ಬೀನು ಕೊಳ್ಳಿ. ಕತ್ತಿಯ ಮೋಡ, ಕೃತ್ತಿಕೆ, ಗುರುವಿನ ಉಪಗ್ರಹಗಳು ಅದರಲ್ಲೇ ಕಾಣುತ್ತವೆ, ಹಗಲು ಹೊಲದ ಹಕ್ಕಿ ನೋಡಲೂ ಆಯಿತು. ದೊಡ್ಡ ದೂರದರ್ಶಕಕ್ಕೆ ದುಡ್ಡು ಹಾಕುವ ಮೊದಲು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.