ತುಟಿಗೆ ಊ, ನಾಲಗೆಗೆ ಈ

ಪುಟ್ಟೀ, ನಿನ್ನೆ ಸ್ಕೂಲಿಂದ ಬಂದವಳೇ ಬ್ಯಾಗು ಸೋಫಾ ಮೇಲೆ ಎಸೆದು "ನನ್ನ ಬಾಯಿಗೆ ಜರ್ಮನ್ ಬರಲ್ಲ ತಾತ" ಅಂದೆಯಲ್ಲ, ರಾತ್ರಿಯೆಲ್ಲ ಅದೇ ಮನಸ್ಸಿನಲ್ಲಿತ್ತು. ಬೆಂಗಳೂರಿನ ಆಡುಗೋಡಿಯಲ್ಲಿ, ಜರ್ಮನ್ನರ ನಂಟಿದ್ದ ಮೈಕೋ ಕಾರ್ಖಾನೆಯಲ್ಲಿದ್ದಾಗ ನಾನೂ ಈ ಭಾಷೆಯ ಜೊತೆ ಗುದ್ದಾಡಿದವನೇ. ನೀನು ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಹುಟ್ಟಿದವಳು, ನಿನ್ನ ನಾಲಗೆ ಇಂಗ್ಲಿಷಿಗೆ ಪಳಗಿದೆ. ಆದರೆ ಅಜ್ಜಿಯ ಜೊತೆ ಆಡುವ ಕನ್ನಡವೂ ಅದೇ ನಾಲಗೆಯ ಮೇಲಿದೆ. ಕ್ಲಾಸಿಗೆ ಹೋಗುವಾಗ ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡ.

• ಮೊದಲು ಸ್ವರಗಳನ್ನು ಸರಿಮಾಡಿಕೊ. ಇಂಗ್ಲಿಷಿನಲ್ಲಿ 'ಗೋ' ಅಂದರೆ ಕೊನೆಗೆ ಅದು 'ಗೋಉ' ಆಗಿ ಜಾರುತ್ತದೆ, 'ಡೇ' ಅಂದರೆ 'ಡೇಇ'. ಜರ್ಮನ್‌ನಲ್ಲಿ ಜಾರುವಂತಿಲ್ಲ. 'ಓಡು', 'ಏಳು' ಅನ್ನುವಾಗ ನಮ್ಮ ಓ, ಏ ಹೇಗೆ ಅಲುಗಾಡದೆ ನಿಲ್ಲುತ್ತವೋ ಹಾಗೇ ನಿಲ್ಲಬೇಕು.

• ಹ್ರಸ್ವ ದೀರ್ಘ ಅಳತೆ ತಪ್ಪಬಾರದು. 'ಬಿಡು' ಬೇರೆ, 'ಬೀಡು' ಬೇರೆ ಎಂದು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲೂ ಅಷ್ಟೇ: 'ಶ್ಟಾಟ್' ಎಂದರೆ ರಾಜ್ಯ, 'ಶ್ಟಟ್' ಎಂದರೆ ನಗರ, 'ಓಫನ್' ಒಲೆ, 'ಒಫನ್' ತೆರೆದದ್ದು. ಬರಹದಲ್ಲಿ ವ್ಯಂಜನ ಜೋಡಿಯಾಗಿ ಬಂದರೆ ಅದರ ಹಿಂದಿನ ಸ್ವರ ಚಿಕ್ಕದು ಎಂದು ತಿಳಿ. ನಮ್ಮ ಒತ್ತಕ್ಷರದ ಹಾಗೆ ಆ ವ್ಯಂಜನವನ್ನು ಒತ್ತಬೇಡ.

• ನಿನ್ನನ್ನು ಅಳಿಸಿದ ಆ ಎರಡು ಚುಕ್ಕೆಯ ಯು. ಕನ್ನಡಿ ಮುಂದೆ ನಿಂತು 'ಈ' ಅನ್ನು. ನಾಲಗೆ ಇದ್ದಲ್ಲೇ ಇರಲಿ. ಅಜ್ಜಿ ಊದುಕೊಳವೆ ಊದುವಾಗ ಮಾಡುತ್ತಿದ್ದ ಹಾಗೆ ತುಟಿ ಮಾತ್ರ ದುಂಡಗೆ ಮಾಡು. ತುಟಿ ಊ ಅನ್ನುತ್ತಿದೆ, ನಾಲಗೆ ಈ ಅನ್ನುತ್ತಿದೆ, ಹೊರಗೆ ಬರುವುದು ಆ ದನಿ. 'ಏ' ಹಿಡಿದು ತುಟಿ ದುಂಡಗೆ ಮಾಡಿದರೆ ಎರಡು ಚುಕ್ಕೆಯ ಓ. ಚುಕ್ಕೆ ಬಿಟ್ಟರೆ 'ಶೋನ್', ಅಂದರೆ 'ಆಗಲೇ'. ಚುಕ್ಕೆ ಇಟ್ಟರೆ 'ಸುಂದರ'. ಈ ದನಿಗೆ ಕನ್ನಡದಲ್ಲಿ ಅಕ್ಷರವಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗರ ಹೆಸರಿನಲ್ಲೇ ಅದು ಇದೆ, ನಾವು ಬರೀ 'ಮೋ' ಎಂದು ಬರೆದುಕೊಂಡೆವು. ನಿಮ್ಮ ಶಿಕಾಗೋದಲ್ಲಿ ಅದೇ ದನಿ ಇರುವ ಮಹಾಕವಿ ಗಯಟೆಯ ಹೆಸರಿನ ಬೀದಿಯನ್ನು ಊರವರು 'ಗೋಥಿ' ಅನ್ನುತ್ತಾರೆ. ಬಸ್ಸಿನಲ್ಲಿ ಹೋಗುವಾಗ ನೀನೂ ಹಾಗೇ ಅನ್ನು, ಊರ ಮಾತಿಗೂ ಮರ್ಯಾದೆ ಇದೆ. ಕ್ಲಾಸಿನಲ್ಲಿ ಬೇಡ.

• ಸಿ-ಎಚ್ ಜೋಡಿಗೆ ಎರಡು ದನಿ. ಅ, ಓ, ಉ ಆದಮೇಲೆ ಬಂದರೆ ಗಂಟಲ ಹತ್ತಿರದ್ದು. ನಮ್ಮ ಹಳೆಯ ವ್ಯಾಕರಣಗಳು ಯೋಗವಾಹಗಳ ಸಾಲಿನಲ್ಲಿ ಇದನ್ನು ಜಿಹ್ವಾಮೂಲೀಯ ಎಂದು ಹೆಸರಿಟ್ಟು ಕೂರಿಸಿವೆ. 'ಅಂತಃಕರಣ'ದಲ್ಲಿ ಕಕಾರಕ್ಕೆ ಮುಂಚೆ ಬರುವ ವಿಸರ್ಗ ಅದು. ನಾಲಗೆಯ ಬುಡ ಎತ್ತು, ಅಂಗುಳಿಗೆ ತಾಗಿಸಬೇಡ, ಗಾಳಿ ಉಜ್ಜಿಕೊಂಡು ಹೋಗಲಿ. ತಾಗಿಸಿದರೆ 'ಕ' ಆಗುತ್ತದೆ, ರಾತ್ರಿ ಎಂಬ 'ನಹ್ಟ್' ಹೋಗಿ 'ನಕ್ಟ್', ಅಂದರೆ ಬೆತ್ತಲೆ ಎಂದಾಗುತ್ತದೆ. ಇ, ಎ ಆದಮೇಲೆ ಬರುವುದು ಬೇರೆ. ಅದಕ್ಕೆ ನಿನ್ನ ಇಂಗ್ಲಿಷೇ ಸಾಕು: 'ಹ್ಯೂಜ್' ಅನ್ನಲು ಹೊರಟು ಮೊದಲ ಉಸಿರಿನಲ್ಲೇ ನಿಲ್ಲಿಸು. ಅದನ್ನು 'ಶ' ಮಾಡಿದರೆ ಚರ್ಚು ಎಂಬ ಜರ್ಮನ್ ಪದ ಹೋಗಿ ಚೆರ್ರಿ ಹಣ್ಣಾಗುತ್ತದೆ.

• ಲ ಯಾವಾಗಲೂ 'ಹಾಲು' ಎಂಬಲ್ಲಿಯ ಲ, 'ಬಾಲ್' ಎಂಬ ಇಂಗ್ಲಿಷಿನ ದಪ್ಪ ಲ ಅಲ್ಲ. ಜ಼ೆಡ್ ಎಂದರೆ 'ಉತ್ಸವ'ದ ತ್ಸ, ಪದದ ಮೊದಲಲ್ಲೂ. ಡಬ್ಲ್ಯೂ ನಮ್ಮ ವ.

• ರ ಗಂಟಲಿನಿಂದ ಬರಲೇಬೇಕೆಂದು ಹಟ ಹಿಡಿಯಬೇಡ. ಬವೇರಿಯಾ, ಸ್ವಿಟ್ಜರ್ಲೆಂಡ್ ಕಡೆ ನಾಲಗೆ ತುದಿಯಲ್ಲಿ ಅದುರುವ ರ ಇದೆ. ಇಂಗ್ಲಿಷಿನ ಮಡಿಸಿದ ರ ಒಂದು ಬಿಟ್ಟರೆ ಸಾಕು.

• ಪದದ ಕೊನೆಯ ಗ, ಡ, ಬ ಗಟ್ಟಿಯಾಗಿ ಕ, ಟ, ಪ ಆಗುತ್ತವೆ: ದಿನ ಎಂಬುದು 'ಟಾಕ್'. ಇಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ಬಸ್ಸು, ಕಾರು ಎಂದು ಕೊನೆಗೆ ಉಕಾರ ಅಂಟಿಸುವುದು ನಮ್ಮ ಅಭ್ಯಾಸ. ಅದನ್ನು ಬಿಡಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಸಂಧಿಯನ್ನೂ ಮಾಡಬೇಡ. ಸ್ವರದಿಂದ ಶುರುವಾಗುವ ಪದಕ್ಕೆ ಮುಂಚೆ ಗಂಟಲನ್ನು ಒಂದು ಕ್ಷಣ ತಡೆದು ಬಿಡು.

• ನಾಚಿಕೆ ಬೇಡ. ಜರ್ಮನಿಯ ಪಾದ್ರಿ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರ ಭಾಷೆಯಲ್ಲಿ ಳ ಇರಲಿಲ್ಲ, ಣ ಇರಲಿಲ್ಲ, ಕ-ಖ ಬೇರೆಬೇರೆ ಅಕ್ಷರಗಳೂ ಅಲ್ಲ. ಎಷ್ಟು ಜನರ ಮುಂದೆ ತಪ್ಪಾಡಿ ಕಲಿತಿರಬೇಕು! 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟರು. ನಿನ್ನ ಹಾಗೇ ಪರರ ದನಿಗೆ ಬಾಯಿ ತಿದ್ದಿಕೊಂಡವರು ಅವರು. ಅವರ ಋಣ ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿದೆ.

• ದಿನಕ್ಕೆ ಹತ್ತು ನಿಮಿಷ, ಒಂದೇ ಜೋಡಿ ಪದ, ಗಟ್ಟಿಯಾಗಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಮಾರನೆಯ ದಿನ ಕೇಳು. ಅದೇ ದಿನ ಕೇಳಿದರೆ ಕಿವಿ ತಪ್ಪನ್ನು ಮುಚ್ಚಿಡುತ್ತದೆ.

• ಡಿಸೆಂಬರಿನಲ್ಲಿ ಲೈಲ್ ಸ್ಟೇಷನ್ನಿನಿಂದ ರೈಲು ಹಿಡಿದು ಶಿಕಾಗೋದ ಡೇಲಿ ಪ್ಲಾಜಾದಲ್ಲಿ ನಡೆಯುವ ಕ್ರಿಸ್ಟ್‌ಕಿಂಡಲ್ ಮಾರ್ಕೆಟ್ ಎಂಬ ಕ್ರಿಸ್‌ಮಸ್ ಸಂತೆಗೆ ಹೋಗೋಣ. ಜರ್ಮನಿಯಿಂದ ಬಂದ ಅಂಗಡಿಯವರು ಅಲ್ಲಿ ಸಿಗುತ್ತಾರೆ. ಮರದ ಗೊಂಬೆಯೊಂದನ್ನು ತೋರಿಸಿ, ಬೆಲೆ ನೀನೇ ಕೇಳು. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಬಾಯಿ ಹಾಕುವುದಿಲ್ಲ.