ರಕ್ತದ ಒತ್ತಡ, ಮೂತ್ರಪಿಂಡ ಮತ್ತು ನಮ್ಮ ಹೊಲದ ಮೂಲಿಕೆಗಳು

(ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರಾಂತದ ಗ್ರಾಮಮುಖ್ಯರ ಮತ್ತು ಭೂಮಾಲೀಕರ ಗಮನಕ್ಕೆ)

ಬಂಗಾರಪೇಟೆಯ ಸುತ್ತಲಿನ ಕೆಮ್ಮಣ್ಣಿನ ಹೊಲಗಳಲ್ಲಿ ಮಳೆ ಬಿದ್ದ ಕೆಲವು ದಿನಗಳಲ್ಲಿಯೇ ಬೆರಕೆ ಸೊಪ್ಪು ತಲೆದೋರುವುದು. ಅದರಲ್ಲಿ ಕೊಮ್ಮೆಯೂ ಒಂದು. ಆಯುರ್ವೇದದಲ್ಲಿ ಪುನರ್ನವವೆಂದು ಹೆಸರಾದ ಈ ಗಿಡಕ್ಕೆ ಮೂತ್ರವನ್ನು ಹೆಚ್ಚಿಸುವ, ಬಾವನ್ನು ಇಳಿಸುವ ಗುಣಗಳನ್ನು ಹೇಳಿರುವರು. ರಕ್ತದ ಒತ್ತಡವುಳ್ಳವರು ಇಂತಹ ಮೂಲಿಕೆಗಳಿಂದಲೇ ಮೂತ್ರಪಿಂಡಗಳನ್ನು ಕಾಪಾಡಿಕೊಳ್ಳಬಹುದೆಂದು ಅನೇಕರು ನಂಬಿರುವರು. ಈ ನಂಬಿಕೆಯಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ಊರಿನ ಹಿರಿಯರು ಚೆನ್ನಾಗಿ ತಿಳಿದಿರುವುದು ಅವಶ್ಯಕ.

೧. ಕೇಡು ಆಗುವ ಬಗೆ

ಮನುಷ್ಯನ ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಅಂಗಗಳಿರುವುವು. ಹೃದಯವು ಹೊರದೂಡುವ ರಕ್ತದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಇಲ್ಲಿಗೇ ಹರಿಯುವುದು. ನೀರಿನ ರಭಸ ಮೀರಿದಾಗ ಕಾಲುವೆಯ ದಡವು ಹೇಗೆ ಕೊರೆದುಹೋಗುವುದೋ ಹಾಗೆಯೇ ರಕ್ತದ ಒತ್ತಡವು ಬಹುಕಾಲ ಹೆಚ್ಚಾಗಿದ್ದರೆ ಈ ಸೋಸುವ ಅಂಗಗಳು ಕೆಡುವುವು. ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ, ದೇಹದಲ್ಲಿ ಉಳಿಯಬೇಕಾದ ಸಸಾರಜನಕವು ಮೂತ್ರದೊಡನೆ ಸೋರತೊಡಗುವುದು. ಕೆಟ್ಟ ಮೂತ್ರಪಿಂಡವು ಒತ್ತಡವನ್ನು ಮತ್ತಷ್ಟು ಏರಿಸುವುದು. ಹೀಗೆ ಒಂದು ಕೇಡು ಇನ್ನೊಂದನ್ನು ಬೆಳೆಸುವುದು. ಇಷ್ಟಾದರೂ ರೋಗಿಗೆ ನೋವಾಗಲಿ ಜ್ವರವಾಗಲಿ ಇರುವುದಿಲ್ಲ. ಆದುದರಿಂದ ಅಳೆದು ನೋಡಿದ ಹೊರತು ರೋಗವು ತಿಳಿಯದು.

೨. ಸಸ್ಯಗಳಿಂದ ದೊರೆತ ಔಷಧಗಳು

ಸಸ್ಯಗಳಲ್ಲಿ ಸತ್ತ್ವವಿಲ್ಲವೆಂದು ಹೇಳಲಾಗದು. ನಮ್ಮ ದೇಶದ ಸರ್ಪಗಂಧದ ಬೇರು ರಕ್ತದ ಒತ್ತಡವನ್ನು ತಗ್ಗಿಸುವುದೆಂದು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಲೋಕದಾದ್ಯಂತ ಬಳಕೆಗೆ ಬಂದಿತು. ಆದರೆ ಪ್ರಮಾಣ ಮೀರಿದಾಗ ಮನಸ್ಸು ಕುಗ್ಗುವುದೇ ಮೊದಲಾದ ತೊಂದರೆಗಳು ಕಂಡುಬಂದುದರಿಂದ ಈಗ ಅದರ ಬಳಕೆ ವಿರಳ.

ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಎಂಬ ವಸ್ತುವನ್ನು ತೆಗೆದರು. ಇದನ್ನು ಮಾದರಿಯಾಗಿಟ್ಟುಕೊಂಡು ಬಹುಕಾಲದ ನಂತರ ರಚಿಸಿದ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಒಂದು. 4,300ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಮಾತ್ರೆಯು ಮೂತ್ರಪಿಂಡಗಳ ಕ್ಷಯವನ್ನು ನಿಧಾನಗೊಳಿಸುವುದೆಂದು ಸಿದ್ಧವಾಯಿತು. ಸಿಹಿಮೂತ್ರ ರೋಗವಿಲ್ಲದವರಿಗೂ ಈ ಫಲ ದೊರೆಯಿತು. ಆದರೆ ಸೇಬಿನ ತೊಗಟೆಯ ಕಷಾಯದಿಂದ ಈ ಫಲವನ್ನು ಪಡೆಯಲಾಗದು. ಶುದ್ಧಿ, ತೂಕ, ಪರೀಕ್ಷೆ ಈ ಮೂರೂ ಸೇರಿದಾಗಲೇ ಮೂಲಿಕೆಯ ಸತ್ತ್ವವು ಔಷಧವೆನಿಸುವುದು.

೩. ಕೊಮ್ಮೆ ಮತ್ತು ನೆಗ್ಗಿಲು

ಕೊಮ್ಮೆ, ನೆಗ್ಗಿಲುಗಳ ಸಾರವು ಇಲಿಗಳ ಮೂತ್ರಪಿಂಡಗಳಿಗೆ ರಕ್ಷಣೆಯನ್ನು ಕೊಟ್ಟುದಾಗಿ ಪ್ರಯೋಗಗಳಲ್ಲಿ ಕಂಡಿದೆ. ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯನಲ್ಲಿ ಆಗುವುದಿಲ್ಲ. ಆದುದರಿಂದ ಕೊಮ್ಮೆ ಸೊಪ್ಪನ್ನು ಆಹಾರವಾಗಿ ಧಾರಾಳವಾಗಿ ಬಳಸಬಹುದೇ ಹೊರತು ಮಾತ್ರೆಗೆ ಬದಲಾಗಿ ಬಳಸತಕ್ಕದ್ದಲ್ಲ. ಮೂತ್ರಪಿಂಡಗಳು ಈಗಾಗಲೇ ಬಹಳ ಕೆಟ್ಟಿರುವವರಿಗೆ ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ಲವಣವೇ ಅಪಾಯಕರವಾಗಬಹುದು. ಅಂಥವರು ವೈದ್ಯರನ್ನು ಕೇಳಿಯೇ ಪಥ್ಯವನ್ನು ಗೊತ್ತುಮಾಡಿಕೊಳ್ಳಬೇಕು.

೪. ಈಶ್ವರಿ ಬಳ್ಳಿಯ ಅಪಾಯ

ಬೇಲಿಗಳಲ್ಲಿ ಹಬ್ಬುವ ಈಶ್ವರಿ ಬಳ್ಳಿಯನ್ನು ಹಾವಿನ ಕಡಿತಕ್ಕೂ ಜ್ವರಕ್ಕೂ ಕೊಡುವ ವಾಡಿಕೆಯುಂಟು. ಇದರ ಒಣಗಿದ ಕಾಯಿ ಒಡೆದು ತೂಗುಬುಟ್ಟಿಯಂತೆ ಜೋಲುವುದು. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಗಳನ್ನು ಮತ್ತೆ ಸರಿಯಾಗದಂತೆ ನಾಶಮಾಡುವುದಲ್ಲದೆ ಮೂತ್ರನಾಳದಲ್ಲಿ ಅರ್ಬುದವನ್ನೂ ಹುಟ್ಟಿಸುವುದು. ಬೆಲ್ಜಿಯಂ ದೇಶದಲ್ಲಿ ಮೈ ಕರಗಿಸಲೆಂದು ಕೊಟ್ಟ ಔಷಧದಲ್ಲಿ ಇದೇ ಕುಲಕ್ಕೆ ಸೇರಿದ ಚೀನಾದೇಶದ ಬೇರು ಬೆರೆತುಹೋಗಿ ಅನೇಕ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟ ಸಂಗತಿ 1993ರಲ್ಲಿ ಪ್ರಕಟವಾಯಿತು. ಹೆಸರು ದೈವಿಕವಾದ ಮಾತ್ರಕ್ಕೆ ಬೇರು ನಿರಪಾಯಕರವಾಗದು.

೫. ಗ್ರಾಮಮುಖ್ಯರು ಮಾಡಬೇಕಾದುದು

(ಅ) 30 ವರ್ಷ ದಾಟಿದವರೆಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡವನ್ನು ಅಳೆಯಿಸಿಕೊಳ್ಳುವಂತೆ ಪ್ರೇರೇಪಿಸಬೇಕು. ಬೇರೆಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಚಿಕಿತ್ಸೆ ಅಗತ್ಯ. ಒತ್ತಡವುಳ್ಳವರು ಮೂತ್ರವನ್ನೂ ಪರೀಕ್ಷಿಸಿಕೊಳ್ಳಬೇಕು.

(ಆ) ಉಪ್ಪು ದಿನಕ್ಕೆ ತಲಾ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದಷ್ಟನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಉಪ್ಪುಸಾರುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

(ಇ) ಔಷಧ ಸಿಂಪಡಿಸಿದ ಟೊಮೇಟೊ ತೋಟಗಳಲ್ಲಿ ಬೆರಕೆ ಸೊಪ್ಪನ್ನು ಕೀಳಗೊಡಬಾರದು. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ಬಳಿಯ ಸೈನೈಡ್ ದಿಬ್ಬಗಳ ಸುತ್ತಮುತ್ತಲೂ ಸೊಪ್ಪು ಕೀಳುವುದು ಸಲ್ಲದು. ಭೂಮಾಲೀಕರು ಕಳೆನಾಶಕ ಹಾಕದ ಒಂದೆರಡು ಬದುಗಳನ್ನು ಈ ಸೊಪ್ಪಿಗಾಗಿಯೇ ಬಿಡುವುದು ಉತ್ತಮ.

(ಈ) ಮೈಕೈ ನೋವಿಗೆಂದು ಕೂಲಿಯವರು ಅಂಗಡಿಯಿಂದ ತಂದು ಪದೇಪದೇ ನುಂಗುವ ನೋವಿನ ಮಾತ್ರೆಗಳಿಂದಲೂ ಮೂತ್ರಪಿಂಡಗಳಿಗೆ ಹಾನಿಯುಂಟು. ಇದನ್ನು ಅವರಿಗೆ ತಿಳಿಯಹೇಳಬೇಕು.

(ಉ) ಒತ್ತಡ ಇಳಿಯಿತೆಂದು ತಾವೇ ಮಾತ್ರೆಯನ್ನು ನಿಲ್ಲಿಸುವುದೂ, ವೈದ್ಯರಿಗೆ ತಿಳಿಸದೆ ಮೂಲಿಕೆಗಳನ್ನು ಸೇವಿಸುವುದೂ ಕೂಡದು.

ಬಿತ್ತುವ ಮುನ್ನ ಬೀಜದ ಮೊಳಕೆಯನ್ನು ಪರೀಕ್ಷಿಸುವ ಒಕ್ಕಲಿಗನು ಬಾಯಿಗೆ ಹಾಕುವ ಬೇರಿನ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆಯನ್ನು ವಹಿಸಬೇಕು. ಊರಿನ ಯಜಮಾನರು ಮೊದಲು ತಮ್ಮ ರಕ್ತದ ಒತ್ತಡವನ್ನು ಅಳೆಯಿಸಿಕೊಂಡರೆ ಉಳಿದವರು ತಾವಾಗಿಯೇ ಅವರನ್ನು ಅನುಸರಿಸುವರು.