ಮೂಡಲಿಂದ ಬಂದ ಮಳೆ

ಪ್ರಶ್ನೆ: ನನ್ನೂರು ಕುಂದಾಪುರ. ಎರಡು ವರ್ಷದಿಂದ ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಶೀಟಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಊರು ಮೊದಲ ದಿನದಿಂದಲೂ ಹಿಡಿಸಿಲ್ಲ. ದೀಪಾವಳಿ ಕಳೆದ ಮೇಲೆ ಸೈಕ್ಲೋನ್ ಹಿಡಿದರಂತೂ ಮೂರ್ನಾಲ್ಕು ದಿನ ಬಿಸಿಲಿಲ್ಲ, ಕರೆಂಟಿಲ್ಲ, ರಾತ್ರಿಯಿಡೀ ಶೀಟು ಬಡಿದುಕೊಳ್ಳುತ್ತದೆ. ಅಂಗಳದಲ್ಲಿ ಅಡಿಕೆ ಹರಡಿಕೊಂಡ ಎದುರು ಮನೆಯವರು ಮುಖ ಗಂಟಿಕ್ಕಿಕೊಂಡಿರುತ್ತಾರೆ, ಒಂದು ಮಾತಿಲ್ಲ. ಮಳೆಗೆ ಹೆದರುವವಳಲ್ಲ ನಾನು. ಆದರೂ ಸಂಜೆಯಾದರೆ ಅಳು ಬರುತ್ತದೆ. ವರ್ಗಾವಣೆಗೆ ಇನ್ನೂ ಕಾಲವಿದೆ. ಕೆಲಸ ಬಿಟ್ಟುಬಿಡಲೇ?

ಉತ್ತರ: ತಂಗಿ, ಕುಂದಾಪುರದವಳಿಗೆ ಮಳೆ ಯಾಕೆ ಕಷ್ಟ ಎಂದು ಯಾರಾದರೂ ನಕ್ಕಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈ ಮಳೆಯೇ ಬೇರೆ. ನಿಮ್ಮೂರಿನದು ಪಡುವಣ ಕಡಲಿಂದ ಬರುವ, ಎಲ್ಲರೂ ಕಾದು ಕುಳಿತ ಮಳೆ. ಆಸಾಡಿಯ ಹೊತ್ತಿಗೆ ಸೌದೆ ಒಟ್ಟಿ, ಹಪ್ಪಳ ಒಣಗಿಸಿ, ಮನೆಮಂದಿಯೆಲ್ಲ ಅದಕ್ಕೆ ಸಿದ್ಧರಾಗಿರುತ್ತಾರೆ. ಇಲ್ಲಿ ಕಾರ್ತಿಕ, ಮಾರ್ಗಶಿರದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮೂಡಗಾಳಿಯ ಜೊತೆ ಬರುವುದು ಕರೆಯದ ಮಳೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಸೊರಗಿದ ಮೇಲೂ ನಮ್ಮ ದಕ್ಷಿಣ ಒಳನಾಡಿಗೆ ಮೋಡ ಕವಿಸಿ, ಮಳೆ ಸುರಿಸಿಯೇ ಅರಬ್ಬಿ ಸಮುದ್ರದ ಕಡೆ ದಾಟಿತು. ಈ ತಿಂಗಳುಗಳಲ್ಲೇ ಹೊಲದಲ್ಲಿ ರಾಗಿ ಕೊಯ್ದು ಮಲಗಿಸಿರುತ್ತಾರೆ, ನೆನೆದರೆ ತೆನೆಯಲ್ಲೇ ಮೊಳಕೆ. ಬೇಯಿಸಿದ ಅಡಿಕೆಗೆ ನಾಲ್ಕು ದಿನ ಬಿಸಿಲು ತಪ್ಪಿದರೆ ಬೂಷ್ಟು. ಎದುರು ಮನೆಯವರ ಸಿಟ್ಟೆಲ್ಲ ಆ ಮೋಡದ ಮೇಲೆ.

ಇದನ್ನು ನಾನು ತರೀಕೆರೆಯ ಕಡೆ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನನಗೂ ಅಲ್ಲಿ ಯಾರೂ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹನಿ ಬಿದ್ದದ್ದೇ ತಡ, ಪಕ್ಕದ ಮನೆಯ ಅಜ್ಜಿ ಒಬ್ಬರೇ ಟಾರ್ಪಾಲಿನ ಜೊತೆ ಗಾಳಿಗೆ ಗುದ್ದಾಡುತ್ತಿದ್ದರು. ಓಡಿಹೋಗಿ ಇನ್ನೊಂದು ತುದಿ ಹಿಡಿದೆ. ಅಡಿಕೆ ಬಾಚಿ ಬಾಚಿ ಅಂಗೈಗೆಲ್ಲ ಚೊಗರು ಹತ್ತಿತು, ತೊಳೆದರೆ ಹೋಗಲಿಲ್ಲ. ಅದುವರೆಗೆ ನನ್ನ ಹೆಸರೂ ಕೇಳದಿದ್ದ ಅಜ್ಜಿ ಒಳಗೆ ಕರೆದು, ಒಲೆ ಮುಂದೆ ಕೂರಿಸಿ, ಬೆಲ್ಲದ ಕಾಫಿ ಕೊಟ್ಟರು. ಊರು ಅದರಿಂದ ಇಷ್ಟವಾಗಲಿಲ್ಲ, ನಿಜ ಹೇಳುತ್ತೇನೆ. ಆದರೆ ಸಂಜೆಗಳು ಹಗುರಾದವು.

ಊರು ಹಿಡಿಸದಿರುವುದು ಒಂದು, ಬಿಸಿಲಿಲ್ಲದ ವಾರದಲ್ಲಿ ಮನಸ್ಸು ಕುಗ್ಗುವುದು ಇನ್ನೊಂದು. ನೀವು ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ. ಬೆಳಕು ಕಡಿಮೆಯಾದರೆ ನಿದ್ದೆ, ಹಸಿವು, ಉತ್ಸಾಹ ಏರುಪೇರಾಗುತ್ತವೆ. ಚಳಿಗಾಲದ ಈ ಖಿನ್ನತೆಯನ್ನು ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಅವರು ಕಂಡದ್ದು ದೂರದ ಉತ್ತರದ ಚಳಿಗಾಲವನ್ನು. ನಮ್ಮಲ್ಲಿ ಡಿಸೆಂಬರಿನಲ್ಲೂ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಆ ಹಗಲನ್ನು ನೀವು ಕದ ಹಾಕಿದ ಕೋಣೆಯಲ್ಲಿ ಕಳೆಯುತ್ತಿರಬಹುದು. ಮೋಡವಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೆಳಿಗ್ಗೆ ಮಳೆ ಹೊಳವಾದಾಗ ಅರ್ಧ ಗಂಟೆ ನಡೆಯಿರಿ. ರಾತ್ರಿ ಮೂಡಗಾಳಿ ಬಡಿಯದಂತೆ ಮೂಡಲ ಕಿಟಕಿಯ ಪಕ್ಕದಿಂದ ಮಂಚ ಸರಿಸಿ. ಶೀಟಿನ ಬೋಲ್ಟು ಬಿಗಿ ಮಾಡಿಸಿ, ಮೇಲೆ ಮರಳು ಚೀಲ ಇಡಿಸಲು ಮನೆ ಮಾಲೀಕರಿಗೆ ಹೇಳಿ. ನಿದ್ದೆ ಕೆಡಿಸುತ್ತಿರುವುದು ಆ ಸದ್ದು, ಅದನ್ನು ಸಣ್ಣದೆಂದು ಬಿಡಬೇಡಿ.

ರಾಜೀನಾಮೆಯನ್ನು ಮಾತ್ರ ಈ ವಾರ ಬರೆಯಬೇಡಿ. ಸಂಕ್ರಾಂತಿ ಹೊತ್ತಿಗೆ ಆಕಾಶ ತಿಳಿಯಾದ ಒಂದು ಬೆಳಿಗ್ಗೆ ಇದೇ ಪ್ರಶ್ನೆ ಕೇಳಿಕೊಳ್ಳಿ. ಆಗಲೂ ಊರು ಬೇಡವೆನಿಸಿದರೆ ಬೇಡ, ಅದರಲ್ಲಿ ತಪ್ಪಿಲ್ಲ. ಆದರೆ ಅಳು, ನಿದ್ದೆಗೇಡು ಎರಡು ವಾರ ದಾಟಿದರೆ ಸಂಕ್ರಾಂತಿಗೆ ಕಾಯದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಆ ಗಳಿಗೆಯಲ್ಲೇ ಮಾಡಿ.

ವರ್ಗಾವಣೆಯ ಕಾಲ ಬಂದಾಗ ಅರ್ಜಿ ಹಾಕಿ. ಅಲ್ಲಿಯವರೆಗೆ, ಮೂಡಲಲ್ಲಿ ಮೋಡ ಕಂಡ ದಿನ ಎದುರು ಮನೆಯ ಅಂಗಳಕ್ಕೆ ಹೋಗಿ ಟಾರ್ಪಾಲಿನ ಒಂದು ತುದಿ ಹಿಡಿಯಿರಿ.